ಆಕ್ಟೇವಿಯಾ ಆರ್‌ಎಸ್ 1.8 ಟರ್ಬೊ: 4 ಬಾರ್ ರೆಗ್ಯುಲೇಟರ್ ಸಾಕೇ, ಇಂಜೆಕ್ಟರ್ ಬದಲಿಸಲೇಬೇಕೇ?

ಕೆಂಪು ಆರ್‌ಎಸ್

ಎಲ್ಲರಿಗೂ ನಮಸ್ಕಾರ. ಎರಡು ವಾರದಿಂದ ತಲೆ ತಿನ್ನುತ್ತಿರುವ ವಿಷಯವೊಂದನ್ನು ನಿಮ್ಮ ಮುಂದೆ ಇಡುತ್ತಿದ್ದೇನೆ.

ಗಾಡಿ 2005ರ ಸ್ಕೋಡಾ ಆಕ್ಟೇವಿಯಾ ಆರ್‌ಎಸ್. 1.8 ಲೀಟರ್, 20 ವಾಲ್ವ್, ಟರ್ಬೊ. ಕಂಪನಿಯಿಂದ ಬಂದಾಗ 150 ಅಶ್ವಶಕ್ತಿ. ಕಳೆದ ವರ್ಷ ಬೆಂಗಳೂರಿನಲ್ಲಿ ರೀಮ್ಯಾಪ್ ಮಾಡಿಸಿದೆ, ಅಂದರೆ ಎಂಜಿನ್ ನಡೆಸುವ ಕಂಪ್ಯೂಟರಿನ (ಇಸಿಯು) ಲೆಕ್ಕಗಳನ್ನು ಬದಲಿಸಿದೆ. ಟ್ಯೂನ್ ಮಾಡಿದವರ ಲೆಕ್ಕದಲ್ಲಿ ಈಗ 200ರ ಹತ್ತಿರ. ಟರ್ಬೊ ಮೊದಲಿನದೇ, ಪೆಟ್ರೋಲ್ ಸಿಂಪಡಿಸುವ ಇಂಜೆಕ್ಟರ್‌ಗಳು ಮೊದಲಿನವೇ, ಟ್ಯಾಂಕಿನೊಳಗಿನ ಪಂಪ್ ಕೂಡ ಮೊದಲಿನದೇ. 3,500 ಆರ್‌ಪಿಎಂನಲ್ಲಿ ಬೂಸ್ಟ್ (ಟರ್ಬೊ ತುಂಬುವ ಗಾಳಿಯ ಒತ್ತಡ) 1.1 ಬಾರ್ ಮುಟ್ಟುತ್ತದೆ, 6,000ಕ್ಕೆ ಬರುವಷ್ಟರಲ್ಲಿ 0.8ಕ್ಕೆ ಇಳಿಯುತ್ತದೆ.

ಹೋದ ತಿಂಗಳು ವೈಡ್‌ಬ್ಯಾಂಡ್ ಮೀಟರ್ ಹಾಕಿಸಿದೆ. ಅಂದಿನಿಂದ ನೆಮ್ಮದಿ ಇಲ್ಲ. ಪೂರ್ತಿ ಆಕ್ಸಿಲರೇಟರ್ ಒತ್ತಿದಾಗ 4,500ರ ತನಕ ಲ್ಯಾಂಬ್ಡಾ (ಪೆಟ್ರೋಲಿಗೆ ಹೋಲಿಸಿದರೆ ಗಾಳಿಯ ಪಾಲು; 1 ಎಂದರೆ ಸಮ, ಇಳಿದಷ್ಟೂ ಪೆಟ್ರೋಲ್ ಹೆಚ್ಚು) 0.82ರಲ್ಲಿ ನಿಲ್ಲುತ್ತದೆ. 5,000 ದಾಟಿದ ಮೇಲೆ ಏರುತ್ತಾ ಹೋಗಿ 6,000ದಲ್ಲಿ 0.93 ತೋರಿಸುತ್ತದೆ. ಎಂಜಿನ್‌ಗೆ ಪೆಟ್ರೋಲ್ ಸಾಲುತ್ತಿಲ್ಲ ಎಂಬುದು ಸ್ಪಷ್ಟ. ಗ್ಯಾರೇಜಿನವರು ಪೆಟ್ರೋಲಿನ ಒತ್ತಡ ಕಾಯುವ 3 ಬಾರ್ ರೆಗ್ಯುಲೇಟರ್ ತೆಗೆದು 4 ಬಾರಿನದು ಹಾಕಿ ಎನ್ನುತ್ತಾರೆ. ಗೆಳೆಯನೊಬ್ಬ ದೊಡ್ಡ ಇಂಜೆಕ್ಟರ್ ಹಾಕು ಎನ್ನುತ್ತಾನೆ. ಯಾವುದು ಸರಿ?

ಗೇರ್ ಗೌಡ

4 ಬಾರ್ ಹಾಕಿ, ಮುಗಿಯಿತು. ಅರ್ಧ ಗಂಟೆಯ ಕೆಲಸ. ನಾನು ಹಾಕಿಸಿದ ದಿನವೇ ಗಾಡಿ ಹಗುರಾಯಿತು, ಪಿಕಪ್ ಬಂತು.

ಹಳೇ ಪಿಸ್ಟನ್

ಮೊದಲು ಒಂದು ಮಾತು. 0.93 ನೋಡಿದ ಮೇಲೂ 6,000ದ ತನಕ ಎಳೆಯುತ್ತಿದ್ದೀರಿ ಎಂದಾದರೆ ದಯವಿಟ್ಟು ಇಂದೇ ನಿಲ್ಲಿಸಿ. ಉತ್ತರ ಸಿಗುವ ತನಕ 4,000 ದಾಟಬೇಡಿ.

ಇದನ್ನು ಕಂಡವನಾಗಿ ಹೇಳುತ್ತಿದ್ದೇನೆ. 2014ರಲ್ಲಿ ಇದೇ ಎಂಜಿನ್‌ನ ಗಾಡಿ ನನ್ನ ಬಳಿ ಇತ್ತು. ಟ್ಯೂನ್ ಆದ ಮೇಲೆ ವೈಡ್‌ಬ್ಯಾಂಡ್ ಹಾಕಿಸಿಕೊಳ್ಳಲಿಲ್ಲ, ಹೇಳುವವರೂ ಇರಲಿಲ್ಲ. ಒಂದು ದಿನ ನೈಸ್ ರಸ್ತೆಯಲ್ಲಿ ಹಿಂದಿನಿಂದ ನೀಲಿ ಹೊಗೆ. ಸ್ಪಾರ್ಕ್ ಪ್ಲಗ್ ಬಿಚ್ಚಿ ನೋಡಿದರೆ ಮೂರನೆಯದರ ಬಿಳಿ ಪಿಂಗಾಣಿಯ ಮೇಲೆ ಮೆಣಸಿನ ಪುಡಿ ಉದುರಿಸಿದ ಹಾಗೆ ಸಣ್ಣ ಸಣ್ಣ ಚುಕ್ಕೆಗಳು. ಬೆಳಕಿಗೆ ಹಿಡಿದರೆ ಕೆಲವು ಮಿನುಗುತ್ತಿದ್ದವು. ಅದು ಕರಗಿದ ಅಲ್ಯೂಮಿನಿಯಂ, ಪಿಸ್ಟನ್ನಿನದು. ಎಂಜಿನ್ ಇಳಿಸಿದಾಗ ಮೂರನೇ ಪಿಸ್ಟನ್ನಿನ ಎರಡು ರಿಂಗ್‌ಗಳ ನಡುವಿನ ದಿಂಡು ಮುರಿದು ಬಂದಿತ್ತು. ಪೆಟ್ರೋಲ್ ಕಡಿಮೆಯಾದರೆ ಬಿಸಿ ಏರುತ್ತದೆ, ಬಿಸಿ ಏರಿದರೆ ನಾಕಿಂಗ್ (ಪೆಟ್ರೋಲ್ ತಾನಾಗಿಯೇ ಸಿಡಿಯುವುದು), ನಾಕಿಂಗ್ ಆದರೆ ಪಿಸ್ಟನ್. ಇಷ್ಟೇ.

ಲ್ಯಾಂಬ್ಡಾ

ಗೇರ್ ಗೌಡರೇ, 4 ಬಾರ್ ಹಾಕಿದ್ದರಿಂದ ಪಿಕಪ್ ಬಂತು ಎಂಬುದನ್ನು ನಾನು ಒಪ್ಪುವುದಿಲ್ಲ. ಒತ್ತಡಕ್ಕೆ ಶಕ್ತಿ ಹುಟ್ಟಿಸುವ ಗುಣ ಇಲ್ಲ. ಇಂಜೆಕ್ಟರ್‌ನಿಂದ ಹೊರಬೀಳುವ ಪೆಟ್ರೋಲ್ ಒತ್ತಡದ ವರ್ಗಮೂಲಕ್ಕೆ ತಕ್ಕಂತೆ ಏರುತ್ತದೆ. 3ರಿಂದ 4 ಬಾರ್‌ಗೆ ಹೋದರೆ ಶೇಕಡ 33 ಹೆಚ್ಚಾಗುವುದಿಲ್ಲ, ಶೇಕಡ 15.5 ಮಾತ್ರ. ಅದೂ ಇಸಿಯುಗೆ ತಿಳಿಸದೆ ಹಾಕಿದರೆ, ನಿಧಾನವಾಗಿ ಓಡಿಸುವಾಗ ಆಕ್ಸಿಜನ್ ಸೆನ್ಸರ್ ನೋಡಿಕೊಂಡು ಅದು ಅಷ್ಟೂ ಪೆಟ್ರೋಲನ್ನು ಮತ್ತೆ ಕಡಿತ ಮಾಡುತ್ತದೆ. ನಿಮ್ಮ ಗಾಡಿಗೆ ಸ್ಕ್ಯಾನರ್ ಹಾಕಿ ಮೆಷರಿಂಗ್ ಬ್ಲಾಕ್ 032 (ಇಸಿಯು ಪೆಟ್ರೋಲಿಗೆ ಮಾಡಿಕೊಂಡ ತಿದ್ದುಪಡಿ ತೋರಿಸುವ ಪುಟ) ತೆರೆದು ನೋಡಿ. ಎರಡನೇ ಅಂಕಣದಲ್ಲಿ ಶೇಕಡ −13ರ ಸುತ್ತ ಇದ್ದರೆ ನನ್ನ ಮಾತು ಸರಿ.

ಗೇರ್ ಗೌಡ

ನನ್ನ ಅನುಭವವನ್ನು ಲೆಕ್ಕದಿಂದ ಸುಳ್ಳು ಮಾಡಲು ಬರುವುದಿಲ್ಲ. ಆದರೂ ನೋಡಿ ಹೇಳುತ್ತೇನೆ.

ಜೆಸಿ ರಸ್ತೆ

ಕೆಂಪು ಆರ್‌ಎಸ್ ಅವರೇ, ದೊಡ್ಡ ಖರ್ಚಿಗೆ ಮೊದಲು ಚಿಕ್ಕದನ್ನು ನೋಡಿ. ರೆಗ್ಯುಲೇಟರ್‌ನಿಂದ ಇನ್‌ಟೇಕ್ ಮ್ಯಾನಿಫೋಲ್ಡ್‌ಗೆ ಹೋಗುವ ಸಣ್ಣ ರಬ್ಬರ್ ಪೈಪ್ ಇದೆಯಲ್ಲ, ಇಪ್ಪತ್ತು ವರ್ಷದ ಗಾಡಿಯಲ್ಲಿ ಅದು ಸೀಳಿರುವುದು ಸಾಮಾನ್ಯ. ಆ ಪೈಪ್ ಬೂಸ್ಟ್ ಎಷ್ಟಿದೆ ಎಂದು ರೆಗ್ಯುಲೇಟರ್‌ಗೆ ಹೇಳುತ್ತದೆ. ಬೂಸ್ಟ್ 1 ಬಾರ್ ಏರಿದರೆ ರೈಲ್ (ಇಂಜೆಕ್ಟರ್‌ಗಳಿಗೆ ಪೆಟ್ರೋಲ್ ಹಂಚುವ ಕೊಳವೆ) ಒತ್ತಡವೂ 1 ಬಾರ್ ಏರಬೇಕು. ಪೈಪ್ ಸೀಳಿದ್ದರೆ ಅದು ಏರುವುದಿಲ್ಲ. ಆಗ ಇಂಜೆಕ್ಟರ್ ತುದಿಯಲ್ಲಿ ಉಳಿಯುವುದು 2 ಬಾರ್ ಮಾತ್ರ, ಪೆಟ್ರೋಲ್ ಶೇಕಡ 18 ಕಡಿಮೆ.

ಇನ್ನೊಂದು. ಆ ಪೈಪ್ ಕಿತ್ತು ಮೂಸಿ ನೋಡಿ. ಒಳಗೆ ಪೆಟ್ರೋಲ್ ವಾಸನೆ ಇದ್ದರೆ ರೆಗ್ಯುಲೇಟರ್‌ನ ಒಳಪೊರೆ ಹರಿದಿದೆ ಎಂದೇ ತಿಳಿಯಿರಿ.

ಕೆಂಪು ಆರ್‌ಎಸ್

ಪೈಪ್ ನೋಡಿದೆ. ಬಿರುಕು ಇಲ್ಲ, ವಾಸನೆಯೂ ಇಲ್ಲ. ಆದರೂ ಹೊಸದು ಹಾಕಿದೆ. ಲ್ಯಾಂಬ್ಡಾ ಹಾಗೆಯೇ ಇದೆ.

ಹಳೇ ಪಿಸ್ಟನ್ ಸರ್, ನಿಮ್ಮ ಮಾತು ಕೇಳಿ ಈಗ ಮೆಲ್ಲಗೆ ಓಡಿಸುತ್ತಿದ್ದೇನೆ. ಪರೀಕ್ಷೆಗೆಂದು ಒಮ್ಮೆ ಮಾತ್ರ ಎಳೆದೆ, ಲಾಗ್ ತೆಗೆದೆ. 6,000 ಆರ್‌ಪಿಎಂನಲ್ಲಿ ಇಂಜೆಕ್ಷನ್ ಸಮಯ 16.9 ಮಿಲಿಸೆಕೆಂಡ್, ಗಾಳಿಯ ಹರಿವು ಸೆಕೆಂಡಿಗೆ 159 ಗ್ರಾಂ.

ಲ್ಯಾಂಬ್ಡಾ

ಈ ಎರಡು ಅಂಕಿಗಳಿಗಾಗಿಯೇ ಕಾಯುತ್ತಿದ್ದೆ. ಸಮಾಧಾನದಿಂದ ಓದಿ.

6,000 ಆರ್‌ಪಿಎಂನಲ್ಲಿ ಎಂಜಿನ್ ಎರಡು ಸುತ್ತು ತಿರುಗಲು 20 ಮಿಲಿಸೆಕೆಂಡ್ ಬೇಕು. ಒಂದು ಇಂಜೆಕ್ಟರ್‌ಗೆ ಸಿಗುವ ಪೂರ್ತಿ ಸಮಯ ಅಷ್ಟೇ. ಅದರಲ್ಲಿ 16.9 ತೆರೆದಿದ್ದರೆ ಡ್ಯೂಟಿ ಸೈಕಲ್ ಶೇಕಡ 84.5. ಹೆಚ್ಚೇ ಆಯಿತು, ಆದರೆ ಇಂಜೆಕ್ಟರ್ ಇನ್ನೂ ಬಾಗಿಲು ತೆರೆದು ನಿಂತೇಬಿಟ್ಟ ಸ್ಥಿತಿ ತಲುಪಿಲ್ಲ. ಸೆಕೆಂಡಿಗೆ 159 ಗ್ರಾಂ ಗಾಳಿ ಎಂದರೆ ಅಂದಾಜು 200 ಅಶ್ವಶಕ್ತಿ. ನಿಮ್ಮ ಟ್ಯೂನರ್ ಹೇಳಿದ್ದು ಸುಳ್ಳಲ್ಲ. ಆ ಗಾಳಿಗೆ ಲ್ಯಾಂಬ್ಡಾ 0.82 ಬರಬೇಕಾದರೆ ಸೆಕೆಂಡಿಗೆ ಸುಮಾರು 13.2 ಗ್ರಾಂ ಪೆಟ್ರೋಲ್, ಅಂದರೆ ನಿಮಿಷಕ್ಕೆ 1,065 ಸಿಸಿ ಬೇಕು. ನಿಮ್ಮ ಇಂಜೆಕ್ಟರ್ 3 ಬಾರ್‌ನಲ್ಲಿ ನಿಮಿಷಕ್ಕೆ 315 ಸಿಸಿಯ ಆಸುಪಾಸಿನದು ಎಂದು ಹಿಡಿಯೋಣ. ನಾಲ್ಕು ಇಂಜೆಕ್ಟರ್, ಶೇಕಡ 84.5 ತೆರೆದಿದ್ದರೆ ಬರುವುದೂ ಸರಿಯಾಗಿ 1,065.

ಅಂದರೆ ಇಸಿಯು ಲೆಕ್ಕ ತಪ್ಪಿಲ್ಲ. ಅದು ಸರಿಯಾದ ಪೆಟ್ರೋಲನ್ನೇ ಕೇಳುತ್ತಿದೆ. ಕೇಳಿದಷ್ಟು ಬರುತ್ತಿಲ್ಲ! 0.82ರ ಬದಲು 0.93 ಎಂದರೆ ಶೇಕಡ 12 ಕೊರತೆ. ವರ್ಗಮೂಲದ ಲೆಕ್ಕ ತಿರುಗಿಸಿದರೆ ಇಂಜೆಕ್ಟರ್‌ನಲ್ಲಿ 3 ಬಾರ್ ಇರಬೇಕಾದಲ್ಲಿ 2.3 ಇದೆ. ಬೂಸ್ಟ್ 0.8 ಸೇರಿಸಿ ರೈಲ್‌ನಲ್ಲಿ 3.8 ಕಾಣಬೇಕು, ನನ್ನ ಊಹೆ ಸರಿಯಾಗಿದ್ದರೆ ಮೀಟರ್ 3.1ರ ಆಸುಪಾಸು ತೋರಿಸುತ್ತದೆ.

ಇಂಥ ಗಾಡಿಗೆ 4 ಬಾರ್ ರೆಗ್ಯುಲೇಟರ್ ಹಾಕಿದರೆ, 3.8 ಕೊಡಲಾಗದ ಪಂಪ್‌ಗೆ 4.8 ಕೊಡು ಎಂದಂತೆ. ಒತ್ತಡ ಏರಿದಷ್ಟೂ ಪಂಪ್ ಹರಿಸುವ ಪೆಟ್ರೋಲ್ ಕಡಿಮೆಯಾಗುತ್ತದೆ. ಬಳಲಿದ ಎತ್ತಿಗೆ ಇನ್ನೊಂದು ಮೂಟೆ ಹೇರಬೇಡಿ.

ಘಾಟಿ ಪ್ರಿಯ

ಎಷ್ಟು ಚೆನ್ನಾಗಿ ಬಿಡಿಸಿ ಹೇಳಿದಿರಿ. ಇದನ್ನು ಮುದ್ರಿಸಿ ಗ್ಯಾರೇಜಿನ ಗೋಡೆಗೆ ಅಂಟಿಸಬೇಕು.

ಕರಾವಳಿ ಟರ್ಬೊ

ಲೆಕ್ಕಕ್ಕೆ ಒಂದು ತಿದ್ದುಪಡಿ. ಬೂಸ್ಟ್ ಎಷ್ಟು ಎಂದು ಯಾವುದರಿಂದ ಓದುತ್ತಿದ್ದೀರಿ? ಬ್ಲಾಕ್ 115ರಲ್ಲಿ ಕಾಣುವುದು ಶೂನ್ಯದಿಂದ ಅಳೆದ ಒತ್ತಡ. ಅದರಿಂದ ಊರಿನ ಗಾಳಿಯ ಒತ್ತಡ ಕಳೆಯಬೇಕು. ನಮ್ಮ ಮಂಗಳೂರಿನಲ್ಲಿ ಅದು 1,010 ಮಿಲಿಬಾರ್ ಹತ್ತಿರ. ಬೆಂಗಳೂರು ಸಮುದ್ರ ಮಟ್ಟದಿಂದ 900 ಮೀಟರಿಗೂ ಮೇಲಿದೆ, ಅಲ್ಲಿ 910ರ ಆಸುಪಾಸು. ಇಸಿಯು 1,900 ಮಿಲಿಬಾರ್ ಕೇಳಿದರೆ ಇಲ್ಲಿ ಟರ್ಬೊ 0.89 ಬಾರ್ ಒತ್ತಿದರೆ ಸಾಕು, ಅಲ್ಲಿ 0.99 ಒತ್ತಬೇಕು. ರೆಗ್ಯುಲೇಟರ್ ಕೂಡ ಆ ಹೆಚ್ಚುವರಿ 0.1 ಬಾರ್ ಅನ್ನು ಪಂಪ್‌ನಿಂದಲೇ ಕೇಳುತ್ತದೆ. ಒಂದೇ ಮ್ಯಾಪ್ ಇರುವ ಗಾಡಿ ಶಿರಾಡಿ ಇಳಿದ ಮೇಲೆ ಬೇರೆಯದೇ ಗಾಡಿ ಅನ್ನಿಸುವುದು ಸುಮ್ಮನೆ ಅಲ್ಲ.

ಘಾಟಿ ಪ್ರಿಯ

ಶಿರಾಡಿ ಎಂದಿರಿ, ಆ ರಸ್ತೆಯ ಕಾಮಗಾರಿ ಯಾವಾಗ ಮುಗಿಯುತ್ತದೆ ಸ್ವಾಮಿ? ನಾನಂತೂ ಚಾರ್ಮಾಡಿಯಲ್ಲೇ ಓಡಾಡುತ್ತಿದ್ದೇನೆ.

ಕೆಂಪು ಆರ್‌ಎಸ್

ಕರಾವಳಿ ಅವರೇ, ನಾನು ಹೇಳಿದ್ದು ಡ್ಯಾಶ್‌ಬೋರ್ಡಿನ ಮೇಲೆ ಕೂರಿಸಿದ ಬೂಸ್ಟ್ ಮೀಟರಿನದು. ಹಾಗಾಗಿ ಲೆಕ್ಕ ನಿಲ್ಲುತ್ತದೆ ಎಂದುಕೊಂಡಿದ್ದೇನೆ.

ಮಲೆನಾಡು ಡೀಸೆಲ್

ನಡುವೆ ಬಾಯಿ ಹಾಕುತ್ತಿದ್ದೇನೆ, ಕ್ಷಮಿಸಿ. ನನ್ನ 1.3 ಡೀಸೆಲ್ ಸ್ವಿಫ್ಟ್‌ಗೆ ಟ್ಯೂನಿಂಗ್ ಬಾಕ್ಸ್ ಹಾಕಿಸಿದ್ದೇನೆ. ಅದೂ ಒತ್ತಡ ಹೆಚ್ಚಿಸುತ್ತದೆ ಎನ್ನುತ್ತಾರೆ. ಅದಕ್ಕೂ ಇದೇ ಲೆಕ್ಕವೇ?

ಲ್ಯಾಂಬ್ಡಾ

ಬೇರೆ. ನಿಮ್ಮದು ಕಾಮನ್ ರೈಲ್; ಅಲ್ಲಿ ಒತ್ತಡ ಸಾವಿರ ಬಾರ್ ದಾಟಿರುತ್ತದೆ. ಅಂಥ ಹೆಚ್ಚಿನ ಬಾಕ್ಸ್‌ಗಳು ರೈಲ್ ಒತ್ತಡದ ಸೆನ್ಸರ್ ಹೇಳುವುದನ್ನು ತಗ್ಗಿಸಿ ಇಸಿಯುಗೆ ತಲುಪಿಸುತ್ತವೆ. ಒತ್ತಡ ಕಡಿಮೆಯಿದೆ ಎಂದು ನಂಬಿ ಇಸಿಯು ಏರಿಸುತ್ತದೆ. ಪಂಪ್‌ಗೂ ಇಂಜೆಕ್ಟರ್‌ಗೂ ಎಷ್ಟು ಹೊರೆ ಬೀಳುತ್ತಿದೆ ಎಂದು ಯಾರಿಗೂ ಕಾಣುವುದಿಲ್ಲ. ನನಗೆ ಆ ದಾರಿ ಇಷ್ಟವಿಲ್ಲ. ಕಪ್ಪು ಹೊಗೆ ಬರುತ್ತಿದ್ದರೆ ತೆಗೆಸಿಬಿಡಿ.

ಹುಬ್ಬಳ್ಳಿ ಪೋಲೊ

ನಮ್ಮ ಟಿಎಸ್ಐ ಗಾಡಿಗಳವರೂ ಇದನ್ನು ಓದಿ ರೆಗ್ಯುಲೇಟರ್ ಹುಡುಕಿಕೊಂಡು ಹೋಗಬಾರದು. ನಮ್ಮದರಲ್ಲಿ ಪೆಟ್ರೋಲ್ ನೇರವಾಗಿ ಸಿಲಿಂಡರ್ ಒಳಗೆ ಬೀಳುತ್ತದೆ. ಕ್ಯಾಮ್‌ಶಾಫ್ಟ್ ತಿರುಗಿಸುವ ಇನ್ನೊಂದು ಪಂಪ್ ಇದ್ದು, ಒತ್ತಡ ನೂರು ಬಾರ್‌ಗೂ ಮೀರುತ್ತದೆ. ಇಂಜೆಕ್ಟರ್ ತೆರೆಯಲು ಸಿಗುವ ಸಮಯವೂ ತೀರಾ ಚಿಕ್ಕದು. ಶೇಕಡ 85ರ ಲೆಕ್ಕ ಇಲ್ಲಿ ನಡೆಯುವುದಿಲ್ಲ.

ಸ್ಟಟ್‌ಗಾರ್ಟ್ ಕನ್ನಡಿಗ

ಇಲ್ಲಿಂದ ನಮಸ್ಕಾರ. ಕೆಲಸವೇ ಇಂಧನ ವ್ಯವಸ್ಥೆಗಳ ಪರೀಕ್ಷೆಯಾದ್ದರಿಂದ ಸುಮ್ಮನಿರಲು ಆಗಲಿಲ್ಲ.

ಲ್ಯಾಂಬ್ಡಾ ಅವರ ವಿಶ್ಲೇಷಣೆಗೆ ನನ್ನ ಪೂರ್ಣ ಒಪ್ಪಿಗೆ. ಒಂದೆರಡು ಮಾತು ಸೇರಿಸುತ್ತೇನೆ. ಮುಂದೆ ಒತ್ತಡ ಬದಲಿಸಿದರೂ ಇಂಜೆಕ್ಟರ್ ಬದಲಿಸಿದರೂ ಇಸಿಯುನಲ್ಲಿ ಎರಡು ವಿಷಯ ತಿದ್ದಲೇಬೇಕು. ಈ ಎಂಜಿನ್‌ನ ಬಾಷ್ ಎಂಇ7 ಇಸಿಯುನಲ್ಲಿ ಕೆಆರ್‌ಕೆಟಿಇ ಎಂಬ ಒಂದು ಸ್ಥಿರಾಂಕ ಇದೆ. ಇಷ್ಟು ಪೆಟ್ರೋಲಿಗೆ ಇಷ್ಟು ಹೊತ್ತು ತೆರೆ ಎಂದು ಹೇಳುವುದು ಅದೇ. ಇನ್ನೊಂದು ಟಿವಿಯುಬಿ. ವಿದ್ಯುತ್ ಬಂದ ಕ್ಷಣದಿಂದ ಇಂಜೆಕ್ಟರ್‌ನ ಸೂಜಿ ನಿಜವಾಗಿ ಮೇಲೇಳುವ ತನಕ ಆಗುವ ವಿಳಂಬವನ್ನು ಬ್ಯಾಟರಿ ವೋಲ್ಟೇಜ್‌ಗೆ ತಕ್ಕಂತೆ ತುಂಬಿಕೊಡುವ ಪಟ್ಟಿ ಅದು. ಒತ್ತಡ ಏರಿದರೆ ಸೂಜಿ ಏಳುವುದು ಇನ್ನಷ್ಟು ತಡ. ಬಹಳ ಜನ ಮೊದಲನೆಯದನ್ನು ಮಾತ್ರ ತಿದ್ದಿ ಎರಡನೆಯದನ್ನು ಬಿಡುತ್ತಾರೆ. ಆಮೇಲೆ ಐಡ್ಲಿಂಗ್‌ನಲ್ಲಿ ಗಾಡಿ ಕುಂಟುತ್ತದೆ, ಇಂಜೆಕ್ಟರ್ ಕೆಟ್ಟದು ಎಂದು ದೂರುತ್ತಾರೆ.

ಇಲ್ಲಿ ಇಂಥ ಬದಲಾವಣೆಗಳನ್ನು ತಪಾಸಣೆ ಮಾಡಿಸಿ ಗಾಡಿಯ ಕಾಗದದಲ್ಲಿ ನಮೂದಿಸಬೇಕು. ಇಲ್ಲದಿದ್ದರೆ ಗಾಡಿ ರಸ್ತೆಗಿಳಿಯುವ ಅನುಮತಿಯೇ ಹೋಗಬಹುದು. ಅಲ್ಲಿ ಹೇಗೆ?

ಜೆಸಿ ರಸ್ತೆ

ಇಲ್ಲಿ ಮೋಟಾರು ವಾಹನ ಕಾಯ್ದೆಯ 52ನೇ ಸೆಕ್ಷನ್ ಇದೆ. ಕಂಪನಿ ಕೊಟ್ಟ ಮೂಲ ವಿವರಕ್ಕೆ ವಿರುದ್ಧವಾಗಿ ಗಾಡಿ ಬದಲಿಸುವಂತಿಲ್ಲ ಎಂದು ಸುಪ್ರೀಂ ಕೋರ್ಟ್ 2019ರ ಜನವರಿಯಲ್ಲಿ ಹೇಳಿತು. 15 ವರ್ಷ ದಾಟಿದ ಗಾಡಿಯ ನೋಂದಣಿಯನ್ನು ಐದೈದು ವರ್ಷಕ್ಕೆ ನವೀಕರಿಸುವಾಗ ಹೊಗೆ ತಪಾಸಣೆ ಇದ್ದೇ ಇರುತ್ತದೆ. ಅಪಘಾತವಾದರೆ ವಿಮೆಯವರು ಕೇಳುವ ಮೊದಲ ಪ್ರಶ್ನೆಯೂ ಇದೇ. ತಿಳಿದೇ ಕೈ ಹಾಕಬೇಕು.

ಗೇರ್ ಗೌಡ

ಬ್ಲಾಕ್ 032 ನೋಡಿದೆ. ಎರಡನೇ ಅಂಕಣ: ಶೇಕಡ −12.5. ಲ್ಯಾಂಬ್ಡಾ ಅವರು ಹೇಳಿದ್ದು ಸರಿ. ರೆಗ್ಯುಲೇಟರ್ ಹಾಕಿದ ದಿನವೇ ಸ್ಪಾರ್ಕ್ ಪ್ಲಗ್ ಕೂಡ ಬದಲಿಸಿದ್ದೆ. ಪಿಕಪ್ ಅದರಿಂದ ಬಂದಿರಬೇಕು. 3 ಬಾರಿನದನ್ನೇ ವಾಪಸ್ ಹಾಕುತ್ತಿದ್ದೇನೆ.

ಲ್ಯಾಂಬ್ಡಾ

ಅಳೆದು ನೋಡಿ ಬಂದು ಹೇಳಿದ್ದಕ್ಕೆ ಧನ್ಯವಾದ ಗೌಡರೇ.

ಕೆಂಪು ಆರ್‌ಎಸ್

ಫಲಿತಾಂಶ ತಂದಿದ್ದೇನೆ. ಸ್ವಲ್ಪ ಉದ್ದವಾಗುತ್ತದೆ.

ಶನಿವಾರ ರೈಲ್‌ಗೆ ಬರುವ ಪೈಪಿಗೆ ಟಿ ಜೋಡಿಸಿ, ಯಾಂತ್ರಿಕ ಒತ್ತಡದ ಮೀಟರ್ ಕಟ್ಟಿದೆವು. ಮೀಟರನ್ನು ಬಾನೆಟ್ ಹಿಂಬದಿಯಿಂದ ಹೊರತಂದು ಮುಂಗಾಜಿನ ಹೊರಗೆ, ವೈಪರ್ ಪಕ್ಕದಲ್ಲಿ ಟೇಪ್ ಸುತ್ತಿ ನಿಲ್ಲಿಸಿದೆವು. ಪೆಟ್ರೋಲ್ ಪೈಪ್ ಗಾಡಿಯೊಳಗೆ ಬರಬಾರದು ಎಂದು ತಮ್ಮನ ಹಟ. ಅವನೇ ಪಕ್ಕದಲ್ಲಿ ಬೆಂಕಿನಂದಕ ತೊಡೆಯ ಮೇಲಿಟ್ಟುಕೊಂಡು ಕೂತ.

ಐಡ್ಲಿಂಗ್‌ನಲ್ಲಿ ಮುಳ್ಳು 2.5. ರೆಗ್ಯುಲೇಟರ್‌ನ ಪೈಪ್ ಕಿತ್ತರೆ ಸರಿಯಾಗಿ 3.0. ಎಂದರೆ ರೆಗ್ಯುಲೇಟರ್ ಆರೋಗ್ಯವಾಗಿದೆ. ಆಮೇಲೆ ಖಾಲಿ ರಸ್ತೆಯಲ್ಲಿ ಮೂರನೇ ಗೇರಿನಲ್ಲಿ ಒಮ್ಮೆ ಎಳೆದೆ. ತಮ್ಮ ಮೊಬೈಲಿನಲ್ಲಿ ಮುಳ್ಳನ್ನೇ ಚಿತ್ರೀಕರಿಸಿದ. 3,500ರಲ್ಲಿ 4.1. ನೆಟ್ಟಗೆ ನಿಂತಿದೆ. 4,800ರ ನಂತರ ಮುಳ್ಳು ನಡುಗಲು ಶುರು, 5,500ರಲ್ಲಿ 3.5, 6,000ದಲ್ಲಿ 3.2. ಲ್ಯಾಂಬ್ಡಾ ಅವರು ಮನೆಯಲ್ಲಿ ಕುಳಿತು 3.1 ಎಂದಿದ್ದರು!

ಮನೆಗೆ ಬಂದು ಹಿಂದಿನ ಸೀಟು ಎತ್ತಿ ಪಂಪ್‌ನ ಮುಚ್ಚಳ ತೆಗೆದೆವು. ಎಂಜಿನ್ ಓಡುತ್ತಿರುವಾಗ ಬ್ಯಾಟರಿಯಲ್ಲಿ 13.7 ವೋಲ್ಟ್, ಪಂಪ್‌ನ ಕನೆಕ್ಟರ್‌ನಲ್ಲಿ 11.1. ಎರಡೂವರೆ ವೋಲ್ಟ್ ದಾರಿಯಲ್ಲೇ ಕಳೆದುಹೋಗುತ್ತಿದೆ. ಕನೆಕ್ಟರ್ ಬಿಚ್ಚಿದಾಗ ನೆಲದ ತಂತಿಯ ಪಿನ್ ಸುತ್ತಲಿನ ಪ್ಲಾಸ್ಟಿಕ್ ಕಂದಿ, ಬೆಲ್ಲದ ಬಣ್ಣಕ್ಕೆ ತಿರುಗಿತ್ತು. ಉಗುರು ತಾಗಿಸಿದರೆ ಪುಡಿಯಾಗಿ ಉದುರಿತು. ಪೆಟ್ರೋಲ್ ಫಿಲ್ಟರ್ ಯಾವಾಗ ಬದಲಿಸಿದ್ದು ಎಂಬುದಕ್ಕೆ ಹಿಂದಿನ ಮಾಲೀಕರ ಬಿಲ್ಲಿನಲ್ಲೂ ದಾಖಲೆ ಇಲ್ಲ.

ಹಳೇ ಪಿಸ್ಟನ್

ಓದಿ ಎದೆ ಹಗುರಾಯಿತು. ನನ್ನ ಗಾಡಿಗೂ ಹತ್ತು ನಿಮಿಷ ಹೀಗೆ ಮೀಟರ್ ಕಟ್ಟಿದ್ದರೆ ಆ ಎಂಜಿನ್ ಉಳಿಯುತ್ತಿತ್ತು.

ತಂತಿಯನ್ನು ತೇಪೆ ಹಾಕಿ ಬಿಡಬೇಡಿ. ಬ್ಯಾಟರಿಯಿಂದ ದಪ್ಪ ತಂತಿ, ನಡುವೆ ಫ್ಯೂಸ್, ಬೇರೆ ರಿಲೇ. ಹಳೆಯ ತಂತಿ ಆ ರಿಲೇಗೆ ಸಂಕೇತ ಕೊಡಲಿ. ಅಪಘಾತದಲ್ಲಿ ಎಂಜಿನ್ ನಿಂತರೆ ಪಂಪ್ ಕೂಡ ನಿಲ್ಲಬೇಕು; ಅದಕ್ಕಾಗಿ ಈ ವ್ಯವಸ್ಥೆ. ನೇರವಾಗಿ ಇಗ್ನಿಷನ್‌ಗೆ ಕಟ್ಟುವವರನ್ನು ಹತ್ತಿರ ಸೇರಿಸಬೇಡಿ.

ಟ್ಯಾಂಕ್ ಭರ್ತಿ

ಪಂಪ್ ಹೊರಗೆ ಬಂದಿರುವಾಗಲೇ ಟ್ಯಾಂಕಿನೊಳಗಿನ ರಬ್ಬರ್ ಪೈಪುಗಳನ್ನೂ ನೋಡಿ. ಇ20 ಪೆಟ್ರೋಲನ್ನು ಪ್ರಧಾನಿ 2023ರ ಫೆಬ್ರವರಿಯಲ್ಲಿ ನಮ್ಮ ಬೆಂಗಳೂರಿನಲ್ಲೇ ಬಿಡುಗಡೆ ಮಾಡಿದ್ದು. ಈಗ ಬಹುತೇಕ ಬಂಕ್‌ಗಳಲ್ಲಿ ಅದೇ. 2005ರ ರಬ್ಬರ್ ಶೇಕಡ 20 ಎಥನಾಲ್‌ಗೆಂದು ಮಾಡಿದ್ದಲ್ಲ. ಊದಿಕೊಂಡ ಪೈಪ್ ನನ್ನ ಕೈಯಲ್ಲೇ ಜಾರಿ ಬಂದಿದೆ.

ಲ್ಯಾಂಬ್ಡಾ

ಒಳ್ಳೆಯ ಮಾತು. ಎಥನಾಲ್‌ಗೆ ಗಾಳಿ ಕಡಿಮೆ ಸಾಕು, ಅಂದರೆ ಅದೇ ಗಾಳಿಗೆ ಇಂಧನ ಹೆಚ್ಚು ಬೇಕು. ಶೇಕಡ 10ರಿಂದ 20ಕ್ಕೆ ಹೋದರೆ ಇನ್ನೂ ಶೇಕಡ 4ರಷ್ಟು ಹೆಚ್ಚು ಹರಿಯಬೇಕು. ಕೆಂಪು ಆರ್‌ಎಸ್ ಅವರೇ, ಲಾಗ್ ತೆಗೆದಾಗ ಟ್ಯಾಂಕಿನಲ್ಲಿ ಯಾವುದಿತ್ತು?

ಕೆಂಪು ಆರ್‌ಎಸ್

ಎಕ್ಸ್‌ಪಿ100, ಎಥನಾಲ್ ಬೆರೆಸದ ಪೆಟ್ರೋಲ್. ಆ ಟ್ಯಾಂಕ್ ಮಾತ್ರ. ದಿನನಿತ್ಯಕ್ಕೆ ಸಾಮಾನ್ಯ ಪೆಟ್ರೋಲ್.

ಲ್ಯಾಂಬ್ಡಾ

ಹಾಗಾದರೆ ಪಂಪ್ ಸರಿಹೋದ ಮೇಲೂ ಸಾಮಾನ್ಯ ಪೆಟ್ರೋಲಿನಲ್ಲಿ ಡ್ಯೂಟಿ ಸೈಕಲ್ ಶೇಕಡ 90 ದಾಟಬಹುದು. ಆಗ ಇಂಜೆಕ್ಟರ್ ಪ್ರಶ್ನೆ ನಿಜವಾಗಿಯೂ ಬರುತ್ತದೆ. ಅಷ್ಟರ ತನಕ ದುಡ್ಡು ಜೇಬಿನಲ್ಲಿರಲಿ.

ಜೆಸಿ ರಸ್ತೆ

ಇಂಜೆಕ್ಟರ್ ಕೊಳ್ಳುವ ದಿನ ಬಂದರೆ ನನ್ನ ಪಾಡು ನೆನಪಿರಲಿ. ಅಂತರ್ಜಾಲದಲ್ಲಿ ಅರ್ಧ ಬೆಲೆಗೆ ಸಿಕ್ಕಿತೆಂದು 440 ಸಿಸಿಯ ನಾಲ್ಕು ತರಿಸಿದೆ. ಡಬ್ಬ, ಅಚ್ಚು, ಸಂಖ್ಯೆ ಎಲ್ಲ ಅಸಲಿಯಂತೆಯೇ ಇತ್ತು. ಹರಿವು ಅಳೆಯುವ ಬೆಂಚ್‌ಗೆ ಹಾಕಿಸಿದರೆ 402, 431, 437, 468. ಒಂದೇ ಎಂಜಿನ್‌ನಲ್ಲಿ ಒಂದು ಸಿಲಿಂಡರ್ ಹಸಿದು ಇನ್ನೊಂದು ತೇಗುವ ಸ್ಥಿತಿ. ಸೈಲೆನ್ಸರ್‌ನಲ್ಲಿರುವ ವೈಡ್‌ಬ್ಯಾಂಡ್ ನಾಲ್ಕರ ಸರಾಸರಿ ತೋರಿಸುತ್ತದೆಯೇ ಹೊರತು ಹಸಿದವನನ್ನು ಹಿಡಿದು ತೋರಿಸುವುದಿಲ್ಲ. ಮಾರಿದವರು ಹಣ ಹಿಂದಿರುಗಿಸಲಿಲ್ಲ.

ಇದೇ ಎಂಜಿನ್‌ನ 225 ಅಶ್ವಶಕ್ತಿಯ ಆವೃತ್ತಿ ಆಡಿ ಟಿಟಿಯಲ್ಲಿ ಬಂದಿತ್ತು. ಅದರ ಇಂಜೆಕ್ಟರ್ 380 ಸಿಸಿಯ ಆಸುಪಾಸಿನದು. ಅಸಲಿ ಸಿಕ್ಕಿದರೆ 200 ಅಶ್ವಶಕ್ತಿಗೆ ಅದು ಹಿತವಾದ ಅಳತೆ. ಹೇಗಿದ್ದರೂ ಬೆಂಚ್ ಪರೀಕ್ಷೆಯ ಚೀಟಿ ಕೈಗೆ ಬರುವ ತನಕ ಗಾಡಿಗೆ ಹಾಕಬೇಡಿ.

ಸ್ಟಟ್‌ಗಾರ್ಟ್ ಕನ್ನಡಿಗ

ಒಪ್ಪುತ್ತೇನೆ. ಹಳೆಯ ಅಸಲಿ ಇಂಜೆಕ್ಟರನ್ನು ತೊಳೆಸಿ ಅಳೆಸಿದರೆ ಹೊಸ ನಕಲಿಗಿಂತ ನೂರು ಪಾಲು ಮೇಲು.

ಕೆಂಪು ಆರ್‌ಎಸ್

ಹತ್ತು ದಿನದ ನಂತರ ಬರೆಯುತ್ತಿದ್ದೇನೆ. ಹೊಸ ಪಂಪ್, ಹೊಸ ಫಿಲ್ಟರ್, ಟ್ಯಾಂಕಿನೊಳಗೆ ಹೊಸ ಪೈಪ್, ಬೇರೆ ರಿಲೇ ಮತ್ತು ದಪ್ಪ ತಂತಿ. ಪಂಪ್‌ನ ಬಳಿ ಈಗ 13.4 ವೋಲ್ಟ್. ಅದೇ ರಸ್ತೆ, ಅದೇ ಗೇರ್, ಅದೇ ಎಕ್ಸ್‌ಪಿ100: 6,000ದಲ್ಲಿ ಒತ್ತಡ 3.8, ಲ್ಯಾಂಬ್ಡಾ 0.83. ರೆಗ್ಯುಲೇಟರ್ ಹಳೆಯದೇ, 3 ಬಾರ್.

ಮೊನ್ನೆ ಸಾಮಾನ್ಯ ಪೆಟ್ರೋಲ್ ತುಂಬಿಸಿ ನಾಲ್ಕು ದಿನ ಓಡಿಸಿ ಲಾಗ್ ತೆಗೆದೆ. ಇಂಜೆಕ್ಷನ್ ಸಮಯ 18.2 ಮಿಲಿಸೆಕೆಂಡ್. ಡ್ಯೂಟಿ ಸೈಕಲ್ ಶೇಕಡ 91. ಹಾಗಾಗಿ ಟಿಟಿಯ ಇಂಜೆಕ್ಟರ್ ಹುಡುಕಾಟ ಶುರು ಮಾಡಿದ್ದೇನೆ. ಸಿಗುವ ತನಕ ಟ್ಯೂನರ್ ಬಳಿ ಹೇಳಿ 5,000ದ ಮೇಲೆ ಬೂಸ್ಟ್ 0.6ಕ್ಕೆ ಇಳಿಸಿಕೊಂಡಿದ್ದೇನೆ. ಕೆಆರ್‌ಕೆಟಿಇ, ಟಿವಿಯುಬಿ ಎರಡನ್ನೂ ಕೇಳಿದಾಗ ಅವರು ಒಂದು ಕ್ಷಣ ನನ್ನ ಮುಖ ನೋಡಿ, ಎರಡನ್ನೂ ತಿದ್ದಿಕೊಡುತ್ತೇನೆ ಎಂದರು.

ಗೇರ್ ಗೌಡ

ಆ ಒತ್ತಡದ ಮೀಟರ್ ಎಲ್ಲಿ ಸಿಕ್ಕಿತು? ನನ್ನ ಗಾಡಿಯದನ್ನೂ ಒಮ್ಮೆ ನೋಡಬೇಕು ಅನ್ನಿಸಿದೆ.

ಕೆಂಪು ಆರ್‌ಎಸ್

ಕೊಳ್ಳಬೇಡಿ ಗೌಡರೇ, ನನ್ನದೇ ಇದೆ. ಭಾನುವಾರ ಬೆಳಿಗ್ಗೆ ಏಳಕ್ಕೆ ಬನ್ನಿ, ರಸ್ತೆ ಖಾಲಿ ಇರುತ್ತದೆ. ಮೊಬೈಲ್ ಹಿಡಿಯಲು ಒಬ್ಬರನ್ನು ಕರೆದುಕೊಂಡು ಬನ್ನಿ. ಬೆಂಕಿನಂದಕ ನಾನು ತರುತ್ತೇನೆ.